ಹರಪನಹಳ್ಳಿ ಕಳಿಸದ ನಾಲ್ಕು ಸಾಲು

ಹಾಸ್ಟೆಲಿನಲ್ಲಿ ನಮಗ್ಯಾರಿಗೂ ಹೆಸರಿರಲಿಲ್ಲ, ಊರಿತ್ತು. ತಿಪ್ಪೇಸ್ವಾಮಿ ಅಂತ ಕೂಗಿದರೆ ನಾಲ್ಕು ರೂಮಿನಿಂದ ನಾಲ್ಕು ತಲೆ ಹೊರಗೆ ಬರುತ್ತಿದ್ದವು. ಹಾಗಾಗಿ ಮೊದಲ ವಾರದಲ್ಲೇ ಎಲ್ಲರೂ ಚಳ್ಳಕೆರೆ, ಪಾವಗಡ, ಕೂಡ್ಲಿಗಿ, ಜಗಳೂರು ಆಗಿಬಿಟ್ಟೆವು. ಹುಡುಗಿಯರ ಹಾಸ್ಟೆಲಿನಲ್ಲೂ ಅದೇ ಕತೆ: ಹಿರಿಯೂರು, ಹೊಸದುರ್ಗ. ಇಪ್ಪತ್ತೈದು ವರ್ಷವಾದರೂ ನಮ್ಮ ಫೋನುಗಳಲ್ಲಿ ಇವೇ ಹೆಸರು. ಕೂಡ್ಲಿಗಿಯ ಹೆಂಡತಿ ಮದುವೆಯಾದ ಹೊಸದರಲ್ಲಿ, "ಇದೇನ್ರೀ, ನಿಮ್ಮ ಫೋನಲ್ಲಿ ಬರೀ ಬಸ್ಸಿನ ಬೋರ್ಡುಗಳೇ ಇದಾವೆ" ಅಂದಿದ್ದರಂತೆ.

ನಾವು ಓದಿದ್ದು 1997ರಿಂದ 2000ದವರೆಗೆ, ಮಧ್ಯ ಕರ್ನಾಟಕದ ಒಂದು ಕಾಲೇಜಿನಲ್ಲಿ. ಬಿ.ಎ., ಅದರಲ್ಲಿ ಪತ್ರಿಕೋದ್ಯಮ ಒಂದು ವಿಷಯ. 31 ಜನ. ಹೆಚ್ಚಿನವರ ಮನೆಗೆ ಅದೇ ಮೊದಲ ಡಿಗ್ರಿ. ಹೊರಗೆ ಬಂದ ಕಾಲ ಚೆನ್ನಾಗಿತ್ತು. ಹಿಂದಿನ ವರ್ಷವಷ್ಟೇ ವಿಜಯ ಕರ್ನಾಟಕ ಶುರುವಾಗಿತ್ತು, ಪತ್ರಿಕೆಗಳ ನಡುವೆ ಪೈಪೋಟಿ ಜೋರಾಗಿತ್ತು, 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡವೂ ಬಂತು. ಕನ್ನಡ ಬರೆಯಲು ಬರುವ ಹುಡುಗರಿಗೆ ಕೆಲಸವಿತ್ತು. ಆ ಜುಲೈ 30ರ ರಾತ್ರಿ ರಾಜ್‌ಕುಮಾರ್ ಅಪಹರಣವಾದಾಗ ಪಾವಗಡ ಬೆಂಗಳೂರಿನ ಒಂದು ಸಂಜೆ ಪತ್ರಿಕೆ ಸೇರಿ ಹನ್ನೊಂದು ದಿನವಾಗಿತ್ತು. ಮೂರು ವರ್ಷ ಕಾಲೇಜಿನಲ್ಲಿ ಕಲಿಯದ್ದನ್ನು ಆ 108 ದಿನದಲ್ಲಿ ಕಲಿತೆ ಅಂತ ಇವತ್ತಿಗೂ ಹೇಳುತ್ತಾನೆ, ಯಾರೂ ಕೇಳದಿದ್ದರೂ.

ಒಬ್ಬೊಬ್ಬರಾಗಿ ಬಂದ ನಾವು ಉತ್ತರಹಳ್ಳಿಯಲ್ಲೇ ಯಾಕೆ ನೆಲೆ ನಿಂತೆವು ಅನ್ನುವುದಕ್ಕೆ ದೊಡ್ಡ ಕಾರಣವೇನಿಲ್ಲ. ಬಾಡಿಗೆ ಕಡಿಮೆ ಇತ್ತು, ಮಾರ್ಕೆಟ್ಟಿಗೆ ಬಸ್ಸಿತ್ತು. ಚಿಕ್ಕಲ್ಲಸಂದ್ರ ದಾಟಿದರೆ ತೆಂಗಿನ ತೋಟ, ರಾಗಿ ಹೊಲ ಸಿಗುತ್ತಿದ್ದ ಕಾಲ. ಹೆಸರಿನಲ್ಲೇ ಹಳ್ಳಿ ಇದ್ದುದರಿಂದ ಊರಿನಲ್ಲಿ "ಬೆಂಗಳೂರಲ್ಲಿ ಎಲ್ಲಿದ್ದೀಯಪ್ಪ" ಅಂತ ಕೇಳಿದವರಿಗೆ ಹೇಳಲು ಸಂಕೋಚವೂ ಆಗುತ್ತಿರಲಿಲ್ಲ. ಭಾನುವಾರ ವಸಂತಪುರದ ಗುಡ್ಡದ ಮೇಲಿನ ವಸಂತ ವಲ್ಲಭರಾಯನ ಗುಡಿಗೆ ಹೋಗಿ ಕೂತರೆ ಊರಿನಲ್ಲೇ ಇದ್ದ ಹಾಗೆ. ಆಗ ಉತ್ತರಹಳ್ಳಿ ದೇಶದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದು. ಅದರ ವರದಿ ಮಾಡಲು ಒಂದು ಬೈಕು ಸಾಲದು ಅಂತ ಪಾವಗಡ ಗೊಣಗುತ್ತಿದ್ದ. 2008ರ ಚುನಾವಣೆ ಹೊತ್ತಿಗೆ ಕ್ಷೇತ್ರ ಹಲವು ಹೋಳಾಗಿ ಆ ಹೆಸರೇ ಪಟ್ಟಿಯಿಂದ ಹೋಯಿತು. ಹೊಲಗಳೂ ಹೋದವು. ಜಮೀನಿನ ಕಾಗದದಲ್ಲಿ ಮಾತ್ರ ಇವತ್ತಿಗೂ 'ಉತ್ತರಹಳ್ಳಿ ಹೋಬಳಿ' ಅಂತ ಬರುತ್ತದೆ.

ಈಗ ಇಲ್ಲಿ ಸುತ್ತಮುತ್ತ ಇರುವವರು ನಾವು ನಾಲ್ವರು: ಹೊಸದುರ್ಗ, ಹಿರಿಯೂರು, ಪಾವಗಡ, ಕೂಡ್ಲಿಗಿ. ಬೆಳ್ಳಿಹಬ್ಬದ ಕೂಟ ಮಾಡೋಣ ಅಂತ ಗ್ರೂಪಿನಲ್ಲಿ ಮಾತು ಬಂದಾಗ, ಬೆಂಗಳೂರಲ್ಲೇ ಮಾಡಿ, ಹಾಲ್ ನೀವೇ ನೋಡಿ, ಊಟ ನೀವೇ ಹೇಳಿ ಅಂತ ಎಲ್ಲರೂ ಸೇರಿ ನಮ್ಮ ತಲೆಗೆ ಕಟ್ಟಿದರು. ಡಿಸೆಂಬರಿನ ಒಂದು ಭಾನುವಾರ, ಉತ್ತರಹಳ್ಳಿ ಕೆಂಗೇರಿ ರಸ್ತೆಯ ಒಂದು ಸಣ್ಣ ಹಾಲ್ ಸಿಕ್ಕಿತು. ಜೊತೆಗೊಂದು ಪುಸ್ತಿಕೆ ತರಬೇಕು ಅನ್ನುವುದು ಹಿರಿಯೂರಿನ ಆಸೆ. ಕಾಲೇಜಿನಲ್ಲಿ ಗೋಡೆ ಪತ್ರಿಕೆಯ ಸಂಪಾದಕಿ ಆಗಿದ್ದವಳು ಅವಳೇ. ಪ್ರತಿಯೊಬ್ಬರೂ ತಮ್ಮ ಸುದ್ದಿಯನ್ನು ನಾಲ್ಕು ಸಾಲಿನಲ್ಲಿ ಬರೆದು ಕಳಿಸಬೇಕು: ಈಗೇನು ಮಾಡುತ್ತಿದ್ದೀರಿ, ಏನು ಸಾಧಿಸಿದ್ದೀರಿ, ಮನೆ ಮಕ್ಕಳು.

ಸುದ್ದಿ ಬರತೊಡಗಿತು. ಒಬ್ಬ ವಾರ್ತಾ ಇಲಾಖೆಯಲ್ಲಿ ಅಧಿಕಾರಿ. ಇಬ್ಬರು ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಒಬ್ಬಳು ಟೀವಿಯಲ್ಲಿ ಹತ್ತು ವರ್ಷ ಸುದ್ದಿ ಓದಿ, ಸಾಕಾಗಿ, ಈಗ ಮೈಸೂರಿನಲ್ಲಿ ಮಕ್ಕಳ ಬಟ್ಟೆ ಅಂಗಡಿ ಇಟ್ಟಿದ್ದಾಳೆ. ನಮ್ಮ ಪಾವಗಡ ಒಂದು ಕಂಪನಿಯ ಪ್ರಚಾರ ವಿಭಾಗದಲ್ಲಿದ್ದಾನೆ, ಹೊಸದುರ್ಗ ಅನುವಾದ ಮಾಡುತ್ತಾಳೆ. ನಾಲ್ಕು ಸಾಲು ಅಂದರೆ ನಾಲ್ಕು ಪುಟ ಕಳಿಸಿದವರೂ ಇದ್ದರು, ಪ್ರಶಸ್ತಿ ಪತ್ರದ ಫೋಟೋ ಸಮೇತ. ಚಳ್ಳಕೆರೆ ಬೆಂಗಳೂರಿನ ಒಂದು ಪತ್ರಿಕೆಯಲ್ಲಿ ಸುದ್ದಿ ಸಂಪಾದಕ. ನಮ್ಮ ಬ್ಯಾಚಿನಲ್ಲಿ ಅತಿ ಮೇಲಕ್ಕೆ ಹೋದವನು ಅವನೇ ಅಂತ ಎಲ್ಲರ ಲೆಕ್ಕ. ಜಗಳೂರು ಊರಿನಲ್ಲೇ ಉಳಿದು ಒಕ್ಕಲುತನ ಮಾಡುತ್ತಾನೆ. ಅವನು ಬರೆದದ್ದು ಒಂದೇ ಸಾಲು: "ನಮ್ಮೂರ ಕೆರೆಗೆ ತುಂಗಭದ್ರೆ ಬಂದಳು." ತಾಲ್ಲೂಕಿನ 57 ಕೆರೆಗಳಿಗೆ ನದಿ ನೀರು ತುಂಬಿಸುವ ಯೋಜನೆಯ ಮಾತದು. ಇದು ನಿನ್ನ ಸಾಧನೆ ಹೇಗಪ್ಪ ಅಂತ ಹಿರಿಯೂರು ಕೇಳಿದ್ದಕ್ಕೆ, "ಮತ್ತೆ ನನ್ನ ಬದುಕಿನಾಗೆ ಇದಕ್ಕಿಂತ ದೊಡ್ಡ ಸುದ್ದಿ ಯಾವುದಮ್ಮ" ಅಂದ. ಹಾಗೇ ಅಚ್ಚು ಹಾಕಿದೆವು.

ನವೆಂಬರ್ ಕೊನೆಗೆ ಎಲ್ಲರದೂ ಬಂದಿತ್ತು, ಹರಪನಹಳ್ಳಿಯದು ಬಿಟ್ಟು.

ಹರಪನಹಳ್ಳಿಯ ಬಗ್ಗೆ ನಮ್ಮಲ್ಲೊಂದು ಹಳೆಯ ತಮಾಷೆ ಇದೆ. ಅವನು ಒಂದೇ ಮನೆಯಲ್ಲಿ ಕೂತು ನಾಲ್ಕು ಸಲ ಜಿಲ್ಲೆ ಕಂಡವನು. ಹುಟ್ಟಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ನಾವು ಕಾಲೇಜು ಸೇರಿದ 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾಗಿ ಅವನ ತಾಲ್ಲೂಕು ಅದಕ್ಕೆ ಸೇರಿತು. 371ಜೆ ಸವಲತ್ತಿಗಾಗಿ ಜನ ಹೋರಾಡಿದ ಮೇಲೆ 2018ರಲ್ಲಿ ಮತ್ತೆ ಬಳ್ಳಾರಿಗೆ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅಲ್ಲಿಗೆ. ಇಷ್ಟೂ ಕಾಲ ಅವನು ಅಲ್ಲೇ ಇದ್ದ. ಬಸ್ ನಿಲ್ದಾಣದ ಹತ್ತಿರ ಒಂದು ಝೆರಾಕ್ಸ್ ಅಂಗಡಿ, ಅದರ ಜೊತೆಗೆ ಪತ್ರಿಕೆಯ ತಾಲ್ಲೂಕು ವರದಿಗಾರಿಕೆ. ಮೊದಮೊದಲು ಸುದ್ದಿಯನ್ನು ಕವರಿನಲ್ಲಿ ಹಾಕಿ ದಾವಣಗೆರೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದ, ಆಮೇಲೆ ಫ್ಯಾಕ್ಸ್, ಆಮೇಲೆ ನುಡಿಯಲ್ಲಿ ಟೈಪ್ ಮಾಡಿ ಮೇಲ್, ಈಗ ಮೊಬೈಲು. ಸಂಬಳವಲ್ಲ, ಅಚ್ಚಾದ ಸುದ್ದಿಯ ಅಳತೆ ಮೇಲೆ ದುಡ್ಡು.

ಫೋನ್ ಮಾಡಿದರೆ, "ನಂದೇನೈತಿ ಬರಿಯಾಕ, ಬಿಡ್ರಲೇ" ಅಂದ. ಹೊಸದುರ್ಗ ಮಾಡಿದಾಗಲೂ ಅದೇ, ಸ್ವಲ್ಪ ಮರ್ಯಾದೆಯಿಂದ: "ನಿಮ್ಮೆಲ್ಲರದು ಹಾಕ್ರವ್ವಾ, ನಂದು ಬ್ಯಾಡ."

ಸರಿ, ನಾವೇ ಬರೆದುಬಿಡೋಣ ಅಂತ ಕೂತೆವು. ನಾಲ್ಕು ಸಾಲು ತಾನೇ. ಆದರೆ ಬರೆಯಲು ನಮಗೇನೂ ಗೊತ್ತಿರಲಿಲ್ಲ. ಮಕ್ಕಳೆಷ್ಟು ಅನ್ನುವುದರಲ್ಲೇ ನಮ್ಮೊಳಗೆ ಭಿನ್ನಾಭಿಪ್ರಾಯ ಬಂತು. ಏನಾದರೂ ಸಿಗಬಹುದೆಂದು ಗ್ರೂಪಿನಲ್ಲಿ ಅವನ ಹಳೆಯ ಸಂದೇಶಗಳನ್ನು ಹುಡುಕಿದೆವು. 2024ರಲ್ಲಿ ಅವನು ಬರೆದದ್ದು ಒಂದೇ ಒಂದು. ಅದು ಮಾರ್ಚ್ ತಿಂಗಳು, ಬೆಂಗಳೂರಿನಲ್ಲಿ ನೀರಿನ ಹಾಹಾಕಾರ. ಟ್ಯಾಂಕರ್ ದರ ಮಿತಿ ಮೀರಿ, ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ ಅಂತ ಸರ್ಕಾರವೇ ನಿಗದಿ ಮಾಡಿದ್ದ ದಿನಗಳು. ನಾವು ನಾಲ್ವರೂ ಗ್ರೂಪಿನಲ್ಲಿ ದಿನಾ ಅದನ್ನೇ ಅಳುತ್ತಿದ್ದೆವು. ಅದರ ಕೆಳಗೆ ಅವನು ಬರೆದಿದ್ದ: "ನಮ್ಮ ಕಡೆ ಟ್ಯಾಂಕರ್ ವಾರಕ್ಕ ಎರಡು ದಿನ. ನಿಮ್ಮದು ಮುಖಪುಟ, ನಮ್ಮದು ಆರು ಸಾಲು." ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿದ್ದವು. ಅವನ ಮಾತಿಗೆ ನಮ್ಮಲ್ಲೊಬ್ಬರು ನಗುವ ಮುಖ ಒತ್ತಿ ಮುಂದೆ ಹೋಗಿದ್ದೆವು. ಯಾರೆಂದು ಇಲ್ಲಿ ಬರೆಯುವುದಿಲ್ಲ, ಅವರಿಗೆ ಈಗಾಗಲೇ ಬೇಜಾರಾಗಿದೆ.

ಅವನು ಬಂದ. ಬರುವುದಿಲ್ಲ ಅಂದುಕೊಂಡಿದ್ದೆವು. ರಾತ್ರಿ ಬಸ್ಸಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ಮೆಟ್ರೊದಲ್ಲಿ ಕೋಣನಕುಂಟೆ ಕ್ರಾಸ್. ಕೂಡ್ಲಿಗಿ ಸ್ಕೂಟರಿನಲ್ಲಿ ಹೋಗಿ ಕರೆತಂದ. ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ, ಹೆಗಲಿಗೆ ಬ್ಯಾಗು, ಜೇಬಿನಲ್ಲಿ ಕಾಲೇಜಿನಲ್ಲಿ ಇಟ್ಟುಕೊಳ್ಳುತ್ತಿದ್ದಂಥದೇ ಸಣ್ಣ ನೋಟ್‌ಬುಕ್ಕು. ಕೂದಲು ಪೂರ್ತಿ ಬೆಳ್ಳಗಾಗಿದೆ. ಅದನ್ನು ನೋಡಿ ನಾವು ನಮ್ಮ ಬಣ್ಣ ಹಚ್ಚಿದ ತಲೆಗಳನ್ನು ಸವರಿಕೊಂಡೆವು.

ಬೆಳಗಿನ ಹೊತ್ತು ಎಲ್ಲ ಕೂಟಗಳಲ್ಲಿ ನಡೆಯುವಂತೆಯೇ ನಡೆಯಿತು. ಅಪ್ಪುಗೆ, ಗುರುತು ಸಿಗದೆ ಪೇಚಾಟ, ತೀರಿಕೊಂಡ ಇಬ್ಬರಿಗಾಗಿ ಒಂದು ನಿಮಿಷ ಮೌನ. ಆಮೇಲೆ ಒಬ್ಬೊಬ್ಬರೇ ಎದ್ದು ತಮ್ಮ ಸುದ್ದಿ ಹೇಳುವುದು. ಹರಪನಹಳ್ಳಿಯ ಸರದಿ ಬಂದಾಗ, "ನಾನು ಅಲ್ಲೇ ಅದೀನಿ" ಅಂತ ಹೇಳಿ ಕೂತ. ಎಲ್ಲರೂ ಚಪ್ಪಾಳೆ ತಟ್ಟಿದರು, ಜೋಕ್ ಅಂದುಕೊಂಡು.

ಊಟಕ್ಕೆ ಮುಂಚೆ ಅವನೂ ಚಳ್ಳಕೆರೆಯೂ ಮೆಟ್ಟಿಲ ಹತ್ತಿರ ನಿಂತು ಮಾತಾಡುತ್ತಿದ್ದರು. ನಾವು ಎಲೆ ಎಣಿಸುತ್ತಾ ಅಲ್ಲೇ ಇದ್ದೆವು, ಮಾತು ಕಿವಿಗೆ ಬಿತ್ತು. ಗ್ರಾಮೀಣ ಪತ್ರಕರ್ತರಿಗೆ ಉಚಿತ ಬಸ್ ಪಾಸ್ ಕೊಡುವುದಾಗಿ 2024-25ರ ರಾಜ್ಯ ಬಜೆಟ್ಟಿನಲ್ಲಿ ಹೇಳಿದ್ದರಲ್ಲ, ಅದರ ವಿಷಯ. ಅರ್ಜಿ ಜೊತೆ ಪತ್ರಿಕೆಯ ನೇಮಕಾತಿ ಪತ್ರ ಇಡಬೇಕು. ಅವನ ಹತ್ತಿರ ಇಲ್ಲ. ಇಪ್ಪತ್ತೆರಡು ವರ್ಷ ಬರೆದಿದ್ದಾನೆ, ಬರೆಯುತ್ತಲೇ ಇದ್ದಾನೆ, ಅವನು ತಮ್ಮ ವರದಿಗಾರ ಅಂತ ಹೇಳುವ ಒಂದು ಕಾಗದವಿಲ್ಲ. ಕೇಳಿದಾಗಲೆಲ್ಲ ಜಿಲ್ಲೆ ಅಡ್ಡ ಬಂತು. ದಾವಣಗೆರೆ ಕಚೇರಿಯವರು ಕೊಡ್ತೀವಿ ಅನ್ನುವಷ್ಟರಲ್ಲಿ ತಾಲ್ಲೂಕು ಬಳ್ಳಾರಿಗೆ ಹೋಯಿತು. ಬಳ್ಳಾರಿಯವರು ಹಳೇ ದಾಖಲೆ ದಾವಣಗೆರೆಯಲ್ಲಿ ಕೇಳು ಅಂದರು. ಅಷ್ಟರಲ್ಲಿ ಹೊಸಪೇಟೆ ಬಂತು. ನಮ್ಮ ತಮಾಷೆಗೆ ಇಂಥದೊಂದು ಬಾಲ ಇದೆಯೆಂದು ನಮಗೆ ಗೊತ್ತಿರಲಿಲ್ಲ.

"ಪಾಸ್ ದೊಡ್ಡದಲ್ಲಲೇ" ಅನ್ನುತ್ತಿದ್ದ. "ವಾರಕ್ಕ ಮೂರು ದಿನ ಹಳ್ಳಿಗೆ ಹೊಕ್ಕೀನಿ, ಕಿಸೆದಾಗಿಂದು ಹೊಕ್ಕಾವ, ಹೋಗ್ಲಿ. ನಾಳೆ ಯಾವನಾರ ನೀ ಯಾರಲೇ ಅಂತ ಕೇಳಿದ್ರ ತೋರ್ಸಾಕ ಒಂದು ಕಾಗದ ಬೇಕಲ್ಲ."

ಅವನು ಬರೆಯುವುದು ಯಾವ ಪತ್ರಿಕೆಗೆ ಅಂತ ಚಳ್ಳಕೆರೆಗೆ ಗೊತ್ತಿತ್ತೇ? ಗೊತ್ತಿತ್ತು. ಅದು ಅವನದೇ ಪತ್ರಿಕೆ. ಮೂರು ವರ್ಷದಿಂದ ರಾಜ್ಯ ಪುಟಗಳು ಅವನ ಕೈಕೆಳಗೇ ಇವೆ. ಹರಪನಹಳ್ಳಿ ಅಂತ ಊರಿನ ಹೆಸರು ಹೊತ್ತು ಬರುವ ಸುದ್ದಿಯನ್ನು ಮೂವತ್ತು ಸಾಲಿನಿಂದ ಆರಕ್ಕೆ ಇಳಿಸುವವನೂ ಅವನೇ ಅಥವಾ ಅವನ ಹುಡುಗರು. ಜಿಲ್ಲಾ ಕಚೇರಿಯ ಮೂಲಕ ಬರುವ ಕಾಪಿಯ ಮೇಲೆ ಬರೆದವನ ಹೆಸರಿರುವುದಿಲ್ಲ, ಪತ್ರಿಕೆಯಲ್ಲಿ 'ನಮ್ಮ ವಾರ್ತೆ' ಅಂತ ಬರುತ್ತದೆ. "ಹರಪನಹಳ್ಳಿ ಅಂತ ಡೇಟ್‌ಲೈನ್ ದಿನಾ ನೋಡ್ತೀನಿ ಕಣ್ರೋ, ನಮ್ಮ ಹರಪನಹಳ್ಳಿ ಅಂತ ಹೊಳೀಲೇ ಇಲ್ಲ" ಅಂತ ಆಮೇಲೆ ನಮ್ಮೆದುರು ಹೇಳಿದ. ನಾವು ಏನೂ ಹೇಳಲಿಲ್ಲ. ನಮಗೂ ಹೊಳೆದಿರಲಿಲ್ಲ, ಆ ಪತ್ರಿಕೆ ನಮ್ಮ ಮೂರು ಮನೆಗೆ ಬರುತ್ತದೆ.

ಆ ಹೊತ್ತಿಗೆ ಚಳ್ಳಕೆರೆ ಹೇಳಿದ್ದು ಇಷ್ಟು: "ನೋಡ್ತೀನಿ. ಎಚ್‌ಆರ್‌ನವರ ಹತ್ರ ಮಾತಾಡ್ಬೇಕು." ಹರಪನಹಳ್ಳಿ, "ಆತು" ಅಂದ.

ಊಟವಾದ ಮೇಲೆ ಗುಂಪು ಫೋಟೋ. ಕುಳ್ಳಗಿದ್ದವರು ಮುಂದೆ, ಹೊಟ್ಟೆ ಇದ್ದವರು ಹಿಂದೆ ಅಂತ ಹಿರಿಯೂರು ಸಾಲು ಮಾಡಿಸುತ್ತಿದ್ದಳು. ಹರಪನಹಳ್ಳಿ ಕಾಣಿಸಲಿಲ್ಲ. ಫೋನ್ ಎತ್ತಲಿಲ್ಲ. ಫೋಟೋದವನಿಗೆ ಬೇರೆ ಕಡೆ ನಾಮಕರಣಕ್ಕೆ ಹೋಗಬೇಕಿತ್ತು. ಕೊನೆಗೆ ಅವನಿಲ್ಲದೆಯೇ ತೆಗೆದದ್ದಾಯಿತು. ಪುಸ್ತಿಕೆಯ ಹಿಂಬದಿಯಲ್ಲಿರುವುದು ಅದೇ ಫೋಟೋ. ಬಂದವರು 23, ಫೋಟೋದಲ್ಲಿ 22.

ಅವನು ಹಾಲಿನ ಎದುರಿಗೆ ಕಟ್ಟುತ್ತಿದ್ದ ನಾಲ್ಕಂತಸ್ತಿನ ಕಟ್ಟಡದ ಬುಡದಲ್ಲಿದ್ದ. ಸಿಮೆಂಟ್ ಚೀಲಗಳ ಪಕ್ಕದಲ್ಲಿ ತಗಡಿನ ಶೆಡ್ಡು, ಅದರ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಒಬ್ಬ ಹೆಂಗಸಿನ ಜೊತೆ ಲಂಬಾಣಿ ಮಾತಿನಲ್ಲಿ ಮಾತಾಡುತ್ತಿದ್ದ. ಕೈ ತೊಳೆಯಲು ಹೊರಗೆ ಬಂದಾಗ ಆಕೆ ಮಗುವನ್ನು ಗದರಿಸಿದ್ದು ಕೇಳಿಸಿತಂತೆ, ಧಾಟಿ ತನ್ನ ಕಡೆಯದು ಅನ್ನಿಸಿತಂತೆ. ನಿಜವೇ, ಅವನದೇ ತಾಲ್ಲೂಕಿನ ಒಂದು ತಾಂಡಾದವರು. ಅಲ್ಲಿಂದ ಕಾಫಿ ತೋಟಕ್ಕೆ, ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಹೋಗುವವರು ಬಹಳ. ಗಂಡ ಗಾರೆ ಕೆಲಸ, ಹೆಂಡತಿ ಮರಳು ಜರಡಿ. ದಸರೆ ರಜೆ ಮುಗಿದ ಮೇಲೆ ಬಂದಿದ್ದಾರೆ. ಐದನೇ ಕ್ಲಾಸಿನಲ್ಲಿದ್ದ ಹತ್ತು ವರ್ಷದ ಮಗಳು ಈಗ ತಮ್ಮನನ್ನು ಎತ್ತಿಕೊಂಡು ಶೆಡ್ಡಿನಲ್ಲಿರುತ್ತಾಳೆ.

ನಾವು ಕರೆಯಲು ಹೋದವರು ಅಲ್ಲೇ ನಿಂತೆವು. ಅವನು ತಲೆಯೆತ್ತಿ ಕೇಳಿದ:

"ಇಲ್ಲಿ ಹತ್ತಿರದಾಗ ಸರ್ಕಾರಿ ಸಾಲಿ ಎಲ್ಲೈತಿ?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಯಾವ ಕಾನ್ವೆಂಟಿನಲ್ಲಿ ಡೊನೇಶನ್ ಎಷ್ಟು, ಯಾವ ಟ್ಯೂಷನ್ನಿನಲ್ಲಿ ಲೆಕ್ಕ ಚೆನ್ನಾಗಿ ಹೇಳಿಕೊಡುತ್ತಾರೆ ಅನ್ನುವುದೆಲ್ಲ ಬಾಯಿಪಾಠ. ಪಾವಗಡ ಫೋನಿನಲ್ಲಿ ಮ್ಯಾಪ್ ತೆಗೆದ. ಅಷ್ಟರಲ್ಲಿ ಹೊಸದುರ್ಗ, "ಅಯ್ಯೋ, ನಾವು ವೋಟು ಹಾಕೋ ಸ್ಕೂಲು" ಅಂದಳು. ಹೌದಲ್ಲ. ಐದು ವರ್ಷಕ್ಕೆರಡು ಸಲ ಅದರ ಅಂಗಳದಲ್ಲಿ ಸಾಲು ನಿಂತಿದ್ದೇವೆ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಸೆಲ್ಫಿ ತೆಗೆದಿದ್ದೇವೆ.

ಅವನು ಆ ರಾತ್ರಿಯ ಬಸ್ಸಿಗೆ ಹೋಗಲಿಲ್ಲ. ಕೂಡ್ಲಿಗಿಯ ಮನೆಯಲ್ಲಿ ಉಳಿದ. ಉಳಿದವನು ಸುಮ್ಮನೆ ಮಲಗಲಿಲ್ಲ, ತಾಂಡಾದ ಶಾಲೆಯ ಮೇಷ್ಟ್ರಿಗೆ ಫೋನ್ ಹಚ್ಚಿದ. ಮೇಷ್ಟ್ರು ಪರಿಚಯ, ಅವನ ಅಂಗಡಿಯಲ್ಲೇ ಝೆರಾಕ್ಸ್ ಮಾಡಿಸುವವರು. ಹುಡುಗಿಯ ಎಸ್‌ಎಟಿಎಸ್ ನಂಬರು ವಾಟ್ಸಾಪಿನಲ್ಲಿ ಬಂತು. ಸರ್ಕಾರದ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಗುರುತಿನ ನಂಬರದು, ಅದಿದ್ದರೆ ಒಂದು ಶಾಲೆಯಿಂದ ಇನ್ನೊಂದಕ್ಕೆ ಹೆಸರು ದಾಟಿಸಬಹುದು. ಟಿಸಿ ಕೇಳಿದರೆ ಏನು ಮಾಡೋದು ಅಂತ ಹೊಸದುರ್ಗ ಕೇಳಿದ್ದಕ್ಕೆ, 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಅವನ ಬಾಯಲ್ಲೇ ಇತ್ತು. ಟಿಸಿ ತಡವಾಯಿತು ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ, ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. "ಇದರ ಮ್ಯಾಲ ಎಷ್ಟು ಸಲ ಬರದೀನಿ" ಅಂದ. "ಎಷ್ಟು ಬಂತು?" ಅಂತ ಕೂಡ್ಲಿಗಿ ಕೇಳಿದ. "ಒಮ್ಮೊಮ್ಮೆ."

ಸೋಮವಾರ ಬೆಳಿಗ್ಗೆ ಅವನೂ ಹೊಸದುರ್ಗವೂ ಹುಡುಗಿಯನ್ನು, ಅವಳ ಅಮ್ಮನನ್ನು ಕರೆದುಕೊಂಡು ಶಾಲೆಗೆ ಹೋದರು. ಮುಖ್ಯ ಶಿಕ್ಷಕಿ ಕಾಯ್ದೆ ಹೇಳಿಸಿಕೊಳ್ಳುವ ಪ್ರಮೇಯವನ್ನೇ ತರಲಿಲ್ಲ, ನಂಬರು ಬರೆದುಕೊಂಡು "ಬಾಮ್ಮ, ಕೂತ್ಕೋ" ಅಂದರಂತೆ. ತಮ್ಮನನ್ನು ನೋಡಿಕೊಳ್ಳುವವರು ಯಾರು ಅನ್ನುವುದೇ ದೊಡ್ಡ ಪ್ರಶ್ನೆಯಾಯಿತು. ಅಂಗನವಾಡಿ ಎಲ್ಲಿದೆ ಅಂತಲೂ ನಮಗೆ ಗೊತ್ತಿರಲಿಲ್ಲ. ಅದನ್ನು ಹುಡುಕಲು ಇನ್ನೆರಡು ದಿನ ಹಿಡಿಯಿತು. ಹುಡುಗಿ ನಡುವೆ ನಾಲ್ಕು ದಿನ ಶಾಲೆ ತಪ್ಪಿಸಿದಳು, ಈಗ ಹೋಗುತ್ತಿದ್ದಾಳೆ. ಕಟ್ಟಡ ಮುಗಿಯುವವರೆಗೆ ಹೋಗುತ್ತಾಳೆ. ಆಮೇಲೆ ಅವರು ಎಲ್ಲಿಗೆ ಹೋಗುತ್ತಾರೋ.

ಪುಸ್ತಿಕೆ ಆ ವಾರ ಅಚ್ಚಿಗೆ ಹೋಗಬೇಕಿತ್ತು. ಹರಪನಹಳ್ಳಿಯ ನಾಲ್ಕು ಸಾಲನ್ನು ಈಗ ನಾವೇ ಬರೆದೆವು. ಇಪ್ಪತ್ತೆರಡು ವರ್ಷ, ಗುಳೆ, ತಾಂಡಾ, ಶಾಲೆ, ಎಲ್ಲ ಸೇರಿ ಹದಿನೇಳು ಸಾಲಾಯಿತು. ನೋಡು ಅಂತ ಅವನಿಗೇ ಕಳಿಸಿದೆವು. ಹತ್ತು ನಿಮಿಷದಲ್ಲಿ ತಿದ್ದಿ ವಾಪಸ್ ಕಳಿಸಿದ. ಪುಸ್ತಿಕೆಯಲ್ಲಿ ಇರುವುದು ಅವನು ಉಳಿಸಿದ್ದು: "ಹರಪನಹಳ್ಳಿಯಲ್ಲಿ ವರದಿಗಾರ. ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿ. ಇಬ್ಬರು ಹೆಣ್ಣುಮಕ್ಕಳು."

ಗುಳೆ ಹೋದ ಮಕ್ಕಳ ಬಗ್ಗೆ ಅವನು ಊರಿಗೆ ಹೋದ ಮೇಲೆ ಬರೆದ ವರದಿ ಡಿಸೆಂಬರ್ ಕೊನೆಯಲ್ಲಿ ಬಂತು. ರಾಜ್ಯ ಪುಟ, ಮೂರು ಕಾಲಂ, ಅಷ್ಟೂ ಸಾಲು. ಚಳ್ಳಕೆರೆ ಒಂದು ವಾಕ್ಯವನ್ನೂ ಮುಟ್ಟಿಲ್ಲ ಅಂತ ಹೇಳಿದ. ಹೆಸರು ಮಾತ್ರ 'ನಮ್ಮ ವಾರ್ತೆ' ಅಂತಲೇ ಇತ್ತು. ಅದು ನಿಯಮವಂತೆ.

ನೇಮಕಾತಿ ಪತ್ರ ಇನ್ನೂ ಬಂದಿಲ್ಲ. ಕಡತ ಎಚ್‌ಆರ್‌ನವರ ಹತ್ತಿರ ಇದೆ, ಹಳೇ ದಾಖಲೆ ಯಾವ ಜಿಲ್ಲೆಯಿಂದ ತರಿಸಬೇಕು ಅಂತ ಅವರು ಕೇಳಿದ್ದಾರಂತೆ. ಪ್ರತಿ ಭಾನುವಾರ ಸಂಜೆ ನಮ್ಮಲ್ಲಿ ಒಬ್ಬರು ಚಳ್ಳಕೆರೆಗೆ ಫೋನ್ ಮಾಡಿ ನೆನಪಿಸುತ್ತೇವೆ. ಸರದಿ ಹಾಕಿಕೊಂಡಿದ್ದೇವೆ, ಈ ವಾರ ಪಾವಗಡನದು. ಅವನು ಈಗೀಗ ನಮ್ಮ ಫೋನ್ ಎತ್ತುವುದು ಕಡಿಮೆ ಮಾಡಿದ್ದಾನೆ.